ಕನೂ ದೋಣಿಯಲ್ಲಿ ಡೆಲವೇರ್ ಹೊಳೆ: ಟ್ರೌಟ್‌ಗೂ ಸ್ಮಾಲ್‌ಮೌತ್ ಬಾಸ್‌ಗೂ ಗಾಳ ಹಾಕುವ ಬಗೆ

ನ್ಯೂಯಾರ್ಕ್ ಮತ್ತು ಪೆನ್ಸಿಲ್ವೇನಿಯಾ ರಾಜ್ಯಗಳಿಗೆ ಗಡಿಯಾಗಿ ಹರಿಯುವ ಮೇಲಿನ ಡೆಲವೇರ್ ನದಿಯಲ್ಲಿ ಒಂದೇ ದೋಣಿಯಿಂದ ಎರಡು ಬಗೆಯ ಮೀನು ಹಿಡಿಯಬಹುದು. ಪೂರ್ವ ಮತ್ತು ಪಶ್ಚಿಮ ಕವಲುಗಳು ಹ್ಯಾನ್‌ಕಾಕ್ ಊರಿನ ಕೆಳಗೆ ಕೂಡುತ್ತವೆ. ಅಲ್ಲಿಂದ ಕ್ಯಾಲಿಕೂನ್‌ವರೆಗಿನ ಸುಮಾರು 27 ಮೈಲಿ ಹೆಚ್ಚಾಗಿ ಟ್ರೌಟ್ ನೀರು. ಅದರಾಚೆ ನ್ಯಾರೋಸ್‌ಬರ್ಗ್, ಲ್ಯಾಕವಾಕ್ಸೆನ್, ಬ್ಯಾರಿವಿಲ್ ದಾಟಿ ಪೋರ್ಟ್ ಜರ್ವಿಸ್ ಕಡೆಗೆ ಹೋದಂತೆ ಹೊಳೆ ಸ್ಮಾಲ್‌ಮೌತ್ ಬಾಸ್‌ನದು. ಮುಖ್ಯ ನದಿಗೆ ಎಲ್ಲೂ ಅಣೆಕಟ್ಟಿಲ್ಲ. ಹ್ಯಾನ್‌ಕಾಕ್‌ನಿಂದ ಕೆಳಗಿನ 73 ಮೈಲಿಯಷ್ಟು ಭಾಗ 1978ರಿಂದ ರಾಷ್ಟ್ರೀಯ ಉದ್ಯಾನ ಸೇವೆಯ ನಿಗಾದಲ್ಲಿದೆ. ನ್ಯೂಜೆರ್ಸಿಯ ಎಡಿಸನ್ ಸುತ್ತಮುತ್ತ ನೆಲೆಸಿರುವ ಕನ್ನಡದ ಮನೆಗಳಿಗೆ ಇದು ಕಾರಿನಲ್ಲಿ ಮೂರು ಗಂಟೆಯೊಳಗಿನ ದಾರಿ. ಕನೂ ಬಾಡಿಗೆಗೆ ಸಿಗುತ್ತದೆ.

ಗಾಳ ಹಿಡಿದವರು ಮುಂದಿನ ಸೀಟಿನಲ್ಲಿರುತ್ತಾರೆ. ಆದರೆ ಮೀನು ಸಿಗುವುದು, ಸಿಗದಿರುವುದು ಬಹುಪಾಲು ಹಿಂದಿನ ಸೀಟಿನಲ್ಲಿ ಹುಟ್ಟು ಹಿಡಿದವರ ಕೈಯಲ್ಲಿದೆ. ಕಾವೇರಿಯಲ್ಲಿ ಹರಿಗೋಲಿನಿಂದ ಮಹಸೀರ್‌ಗೆ ಗಾಳ ಹಾಕುತ್ತಿದ್ದ ಕಾಲದಲ್ಲೂ ಅಂಬಿಗ ಹುಟ್ಟು ಬಿಟ್ಟು ಗಾಳ ಹಿಡಿಯುತ್ತಿರಲಿಲ್ಲ. ಇಲ್ಲೂ ಅದೇ ಕಟ್ಟುಪಾಡು ಇಟ್ಟುಕೊಳ್ಳಿ: ಒಂದು ಹೊತ್ತಿಗೆ ಒಬ್ಬರದೇ ಗಾಳ, ಇನ್ನೊಬ್ಬರದು ದೋಣಿ. ಗಂಟೆಗೊಮ್ಮೆ ದಡದಲ್ಲಿ ಇಳಿದು ಜಾಗ ಬದಲಿಸಿ. ಇಬ್ಬರೂ ಒಟ್ಟಿಗೆ ಗಾಳ ಹಾಕತೊಡಗಿದರೆ ದೋಣಿ ಸೆಳವಿಗೆ ಅಡ್ಡ ತಿರುಗುತ್ತದೆ, ಒಳ್ಳೆಯ ಜಾಗಗಳೆಲ್ಲ ಕಣ್ಣೆದುರೇ ಹಿಂದೆ ಸರಿದುಹೋಗುತ್ತವೆ.

1. ಮೊದಲು ನೀರಿನ ಬಿಸಿ ನೋಡಿ

ಯಾವ ಮೀನಿಗೆ ಹೋಗಬೇಕು ಎಂಬುದನ್ನು ನಿಮ್ಮ ಆಸೆ ತೀರ್ಮಾನಿಸಬಾರದು, ಥರ್ಮಾಮೀಟರ್ ತೀರ್ಮಾನಿಸಬೇಕು. ಪಶ್ಚಿಮ ಕವಲಿನ ಮೇಲೆ ಕ್ಯಾನನ್ಸ್‌ವಿಲ್, ಪೂರ್ವ ಕವಲಿನ ಮೇಲೆ ಪೆಪ್ಯಾಕ್ಟನ್ ಎಂಬ ಜಲಾಶಯಗಳಿವೆ. ಎರಡೂ ನ್ಯೂಯಾರ್ಕ್ ನಗರಕ್ಕೆ ಕುಡಿಯುವ ನೀರು ಕೊಡುತ್ತವೆ. ಅವುಗಳ ತಳದಿಂದ ಬಿಡುವ ನೀರು ಜುಲೈ ನಡುಹಗಲಲ್ಲೂ ಕಾಲು ಮರಗಟ್ಟುವಷ್ಟು ತಣ್ಣಗಿರುತ್ತದೆ. ಬೇಸಿಗೆಯಲ್ಲಿ ಇಲ್ಲಿ ಟ್ರೌಟ್ ಬದುಕುವುದೇ ಆ ತಂಪಿನಿಂದ. ಹೊಳೆ ಕೆಳಗೆ ಹರಿದಷ್ಟೂ ಬಿಸಿಲು ಕುಡಿದು ಬೆಚ್ಚಗಾಗುತ್ತದೆ. ಟ್ರೌಟ್ ಹಿಂದೆ ಉಳಿದು ಬಾಸ್ ಮುಂದೆ ಬರುತ್ತದೆ. ಈ ಮೀನುಗಳೆಲ್ಲ ಹೊರಗಿನಿಂದ ಬಂದವು: ಬ್ರೌನ್ ಟ್ರೌಟ್ ಯುರೋಪಿನದು, ರೇನ್‌ಬೋ ಅಮೆರಿಕದ ಪಶ್ಚಿಮ ಕರಾವಳಿಯದು, ಸ್ಮಾಲ್‌ಮೌತ್ ಮಹಾಸರೋವರಗಳ ಕಡೆಯದು. 19ನೇ ಶತಮಾನದಲ್ಲಿ ತಂದುಬಿಟ್ಟ ಮೇಲೆ ಒಂದೊಂದೂ ತನಗೆ ಹಿಡಿಸಿದ ನೀರು ಹುಡುಕಿಕೊಂಡು ನೆಲೆಯಾಯಿತು.

ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ಮಾಪನ ಕೇಂದ್ರಗಳು ಹೇಲ್ ಎಡ್ಡಿ, ಲಾರ್ಡ್‌ವಿಲ್, ಕ್ಯಾಲಿಕೂನ್, ಬ್ಯಾರಿವಿಲ್‌ಗಳಲ್ಲಿವೆ. ಹೊರಡುವ ಹಿಂದಿನ ರಾತ್ರಿ ಫೋನಿನಲ್ಲೇ ನೋಡಬಹುದು. ಆದರೂ ಅಗ್ಗಕ್ಕೆ ಸಿಗುವ ಸಣ್ಣ ಥರ್ಮಾಮೀಟರಿಗೆ ದಾರ ಕಟ್ಟಿ ಜೊತೆಗೆ ಒಯ್ಯಿರಿ. ಒಂದು ತೊರೆ ಸೇರುವ ಜಾಗದಲ್ಲೇ ಮೂರು ನಾಲ್ಕು ಡಿಗ್ರಿ ವ್ಯತ್ಯಾಸ ಇರಬಹುದು.

ನೀರು 68 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 20 ಸೆಲ್ಸಿಯಸ್ ಮುಟ್ಟಿದರೆ ಟ್ರೌಟ್ ಸಹವಾಸ ಬಿಡಿ. ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆ. ಗಾಳಕ್ಕೆ ಸಿಕ್ಕು ಹೋರಾಡಿ ದಣಿದ ಮೀನು ನಿಮ್ಮ ಕೈಯಿಂದ ಈಜಿಕೊಂಡು ಹೋದರೂ ಆಮೇಲೆ ಎಲ್ಲೋ ತಳದಲ್ಲಿ ಸಾಯುತ್ತದೆ. ಬೇಸಿಗೆಯಲ್ಲಿ ಹೊಳೆ ತೀರಾ ಬೆಚ್ಚಗಾಗುವುದು ಸಂಜೆಯ ಹೊತ್ತಿಗೆ, ತಣ್ಣಗಿರುವುದು ಬೆಳಗಿನ ಜಾವಕ್ಕೆ. ‘ಸಂಜೆ ತಂಪಿಗೆ ಹೋಗೋಣ’ ಎನ್ನುವುದು ನಮ್ಮ ಮೈಗೆ ಸರಿ, ಟ್ರೌಟ್‌ಗೆ ತಪ್ಪು. ಸ್ಮಾಲ್‌ಮೌತ್ ಲೆಕ್ಕ ಬೇರೆ. 50 ಡಿಗ್ರಿಗಿಂತ ಕೆಳಗೆ ಅದು ಮಡುವಿನ ತಳದಲ್ಲಿ ಮಂಕಾಗಿ ಬಿದ್ದಿರುತ್ತದೆ, 60ರಿಂದ 75ರ ನಡುವೆ ಚೆನ್ನಾಗಿ ಮೇಯುತ್ತದೆ.

ಇದನ್ನು ಕ್ಯಾಲೆಂಡರಿಗೆ ಇಳಿಸಿದರೆ: ಏಪ್ರಿಲ್ ಕೊನೆಯಿಂದ ಜೂನ್ ನಡುವಿನವರೆಗೆ ಹ್ಯಾನ್‌ಕಾಕ್‌ನಿಂದ ಕ್ಯಾಲಿಕೂನ್ ನಡುವೆ ಟ್ರೌಟ್. ಜುಲೈ, ಆಗಸ್ಟ್‌ನಲ್ಲಿ ಕ್ಯಾಲಿಕೂನ್‌ನಿಂದ ಕೆಳಗೆ ಬಾಸ್. ಟ್ರೌಟ್ ಬೇಕೇ ಬೇಕೆಂದರೆ ಪಶ್ಚಿಮ ಕವಲು ಮಾತ್ರ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಎರಡೂ ಉಂಟು. ಮೇ, ಜೂನ್ ಮೊದಲ ಭಾಗದಲ್ಲಿ ಬಾಸ್ ಮೊಟ್ಟೆಯಿಡುತ್ತದೆ. ದಡದ ಹತ್ತಿರ ಜಲ್ಲಿಯ ಮೇಲೆ ತಟ್ಟೆಯಗಲದ ಬೆಳ್ಳಗಿನ ಗುಡಿಸಿದ ಜಾಗ, ಅದರ ಮೇಲೆ ಕದಲದೆ ನಿಂತ ಮೀನು ಕಂಡರೆ ಅದು ಮೊಟ್ಟೆ ಕಾಯುತ್ತಿರುವ ಗಂಡು. ಅದಕ್ಕೆ ಗಾಳ ಹಾಕಬೇಡಿ. ಅದನ್ನು ಎರಡು ನಿಮಿಷ ಎತ್ತಿಕೊಂಡರೂ ಸಾಕು, ಸುತ್ತ ಹೊಂಚುತ್ತಿರುವ ಸಣ್ಣ ಮೀನುಗಳು ಗೂಡು ಖಾಲಿ ಮಾಡುತ್ತವೆ.

ನೀರಿನ ಮಟ್ಟದ್ದೂ ಒಂದು ವಿಶೇಷ ಇದೆ. 1954ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ನ್ಯೂಜೆರ್ಸಿಯ ಮಾಂಟೇಗ್ ಬಳಿ ಸೆಕೆಂಡಿಗೆ 1,750 ಘನ ಅಡಿ ಹರಿವನ್ನು ಕಾಯ್ದುಕೊಳ್ಳಲು ಜಲಾಶಯಗಳಿಂದ ನೀರು ಬಿಡಬೇಕು. ಹಾಗಾಗಿ ಮಳೆಯಿಲ್ಲದ ಒಣ ಬೇಸಿಗೆಯಲ್ಲಿ ಕೆಳಗಿನ ಹೊಳೆ ಸೊರಗಿದಾಗ, ಪಶ್ಚಿಮ ಕವಲು ತುಂಬಿ ತಣ್ಣಗೆ ಓಡುವುದುಂಟು. ‘ಮಳೆಯಿಲ್ಲ, ಹೊಳೆಯಲ್ಲಿ ನೀರಿರೋದಿಲ್ಲ’ ಎಂದು ಊಹಿಸದೆ ಮಾಪನ ನೋಡಿಯೇ ಹೊರಡಿ. ಒಂದೇ ದಿನದಲ್ಲಿ ಮಾಪನದ ಗೆರೆ ಸರ್ರನೆ ಮೇಲೇರಿದ್ದರೆ ಆ ದಿನ ಬೇಡ.

2. ಪರವಾನಗಿ ಮತ್ತು ಜಾಕೆಟ್

ಗಡಿಯಾಗಿರುವ ಹೊಳೆಯಲ್ಲಿ ನ್ಯೂಯಾರ್ಕ್‌ನ ಅಥವಾ ಪೆನ್ಸಿಲ್ವೇನಿಯಾದ, ಯಾವುದಾದರೂ ಒಂದು ರಾಜ್ಯದ ಗಾಳದ ಪರವಾನಗಿ ಸಾಕು. ಪೂರ್ವ ಕವಲು ಮತ್ತು ಪಶ್ಚಿಮ ಕವಲಿನ ಮೇಲ್ಭಾಗ ಪೂರ್ತಿ ನ್ಯೂಯಾರ್ಕ್ ಒಳಗಿವೆ. ಅಲ್ಲಿ ಅದೇ ರಾಜ್ಯದ್ದು ಬೇಕು. ನ್ಯೂಜೆರ್ಸಿಯ ಪರವಾನಗಿ ಇಲ್ಲಿ ನಡೆಯುವುದಿಲ್ಲ. ಪೆನ್ಸಿಲ್ವೇನಿಯಾ ಮೀನು ಮತ್ತು ದೋಣಿ ಆಯೋಗದ ಇಳಿದಾಣಗಳಿಂದ ಸ್ವಂತ ಕನೂ ಇಳಿಸುವುದಾದರೆ ದೋಣಿಗೆ ಲಾಂಚ್ ಪರ್ಮಿಟ್ ಅಥವಾ ನೋಂದಣಿ ಇರಲೇಬೇಕು, ಮೋಟಾರ್ ಇಲ್ಲದಿದ್ದರೂ ಸರಿ. ಮೀನಿನ ಅಳತೆ, ಸಂಖ್ಯೆ, ಹಂಗಾಮಿನ ದಿನಾಂಕಗಳು ಬದಲಾಗುತ್ತಿರುತ್ತವೆ. ಆ ವರ್ಷದ ನಿಯಮಪುಸ್ತಿಕೆ ಓದಿ. ದಡದ ನೆಲ ಬಹುಪಾಲು ಖಾಸಗಿ. ಊಟಕ್ಕೆ ಇಳಿಯುವುದಾದರೂ ಸಾರ್ವಜನಿಕ ಇಳಿದಾಣದಲ್ಲೇ ಇಳಿಯಿರಿ.

ಒಬ್ಬೊಬ್ಬರಿಗೂ ಒಂದು ಲೈಫ್ ಜಾಕೆಟ್ ದೋಣಿಯಲ್ಲಿರಬೇಕು. 12 ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳು ತೊಟ್ಟೇ ಇರಬೇಕು. ಬ್ಯಾರಿವಿಲ್ ಮಾಪಕ 6 ಅಡಿ ಮುಟ್ಟಿದಾಗ ಎಲ್ಲರೂ ತೊಡಬೇಕು, ಚಳಿಗಾಲದಲ್ಲಿ ನವೆಂಬರ್ 1ರಿಂದಲೂ ಹಾಗೆಯೇ. ನಿಯಮ ಇಷ್ಟೇ ಹೇಳಲಿ, ನೀವು ಎಲ್ಲ ದಿನವೂ ತೊಡಿ. ಮಗುಚಿದ ದೋಣಿಯ ಸೀಟಿನಡಿಯಿಂದ ಜಾಕೆಟ್ ಎಳೆದು ಸೆಳವಿನಲ್ಲಿ ತೊಡಲು ಯಾರಿಂದಲೂ ಆಗುವುದಿಲ್ಲ. ಫ್ಲೈ, ಅಂದರೆ ಹುಳದಂತೆ ಕಟ್ಟಿದ ಹಗುರ ಹುಸಿಯೆರೆ, ಬೀಸುವವರಿಗೆ ಬೆನ್ನಿನ ಮೇಲ್ಭಾಗದಲ್ಲಷ್ಟೇ ದಪ್ಪ ಇರುವ, ತೋಳು ಬಿಡುವಾಗಿರುವ ಕಯಾಕ್ ಜಾಕೆಟ್ ಒಳ್ಳೆಯದು.

3. ದೋಣಿ ಹೊಂದಿಸುವುದು

16ರಿಂದ 17 ಅಡಿ ಉದ್ದ, 35 ಇಂಚಿನಷ್ಟು ಅಗಲ, ಬಹುತೇಕ ಚಪ್ಪಟೆ ತಳದ ಕನೂ ಇಬ್ಬರಿಗೆ ಸರಿ. ಇದಕ್ಕಿಂತ ಕಿರಿದಾದದ್ದು ವೇಗವಾಗಿ ಹೋಗುತ್ತದೆ, ಆದರೆ ಮೀನು ಎಳೆದಾಗಲೆಲ್ಲ ವಾಲುತ್ತದೆ. ಮೂರು ಪದರದ ಪ್ಲಾಸ್ಟಿಕ್ಕಿನ ದೋಣಿ ಭಾರ, ಆದರೂ ಕಲ್ಲಿನ ಮೇಲೆ ಜಾರಿಕೊಂಡು ಹೋಗುತ್ತದೆ. ಅಲ್ಯೂಮಿನಿಯಂ ಕಲ್ಲಿಗೆ ಕಚ್ಚಿಕೊಳ್ಳುತ್ತದೆ; ಪೆಟ್ಟಿಗೆ ತಗುಲಿದರೂ ಡಂಗ್ ಎಂದು ಹೊಳೆಯುದ್ದಕ್ಕೂ ಸಾರುತ್ತದೆ. ಬಾಡಿಗೆಗೆ ಅದೇ ಸಿಕ್ಕರೆ ತಳಕ್ಕೆ ಹಳೆಯ ಯೋಗಾ ಚಾಪೆ ಹಾಸಿ. ಮೊಣಕಾಲಿಗೂ ಆಗುತ್ತದೆ, ಸದ್ದೂ ಅಡಗುತ್ತದೆ.

ಭಾರ ಹೇಗೆ ಹಂಚಿದ್ದೀರಿ ಎಂಬುದು ಎಲ್ಲಕ್ಕಿಂತ ಮುಖ್ಯ. ದೋಣಿ ನೀರಿನಲ್ಲಿಟ್ಟು ಪಕ್ಕದಿಂದ ನೋಡಿ. ಹಿಂತುದಿ ಒಂದು ಇಂಚಿನಷ್ಟು ಮಾತ್ರ ಹೆಚ್ಚು ಮುಳುಗಿರಬೇಕು. ಮೂತಿ ತಗ್ಗಿದ್ದರೆ ಸೆಳವು ಅದನ್ನೇ ಹಿಡಿದು ತಿರುಗಿಸುತ್ತದೆ. ಹಿಂತುದಿ ತೀರಾ ತಗ್ಗಿದರೆ ಮೂತಿ ಗಾಳಿಗೆ ಅತ್ತಿತ್ತ ಹೊರಳುತ್ತದೆ. ಐಸ್ ಪೆಟ್ಟಿಗೆಯನ್ನು ನಡುವಿನ ಅಡ್ಡಪಟ್ಟಿಯ ಹತ್ತಿರ ಇಟ್ಟು, ಹಿಂದೆ ಮುಂದೆ ಸರಿಸಿ ಸರಿಮಾಡಿ. ಅಂಚು ನೀರಿನಿಂದ ಕನಿಷ್ಠ 6 ಇಂಚು ಮೇಲಿರಲಿ.

ಒಬ್ಬರೇ ಹೋಗುವುದಾದರೆ ಹಿಂದಿನ ಸೀಟಿನಲ್ಲಿ ಕೂರಬೇಡಿ, ಮೂತಿ ಆಕಾಶ ನೋಡುತ್ತದೆ. ಮುಂದಿನ ಸೀಟಿನಲ್ಲಿ ಹಿಮ್ಮುಖವಾಗಿ ಕೂತು ದೋಣಿಯನ್ನೇ ತಿರುಗಿಸಿಕೊಳ್ಳಿ. ಆಗ ನೀವು ನಡುವಿಗೆ ಹತ್ತಿರವಾಗುತ್ತೀರಿ. ಎದುರಿನ ತುದಿಯಲ್ಲಿ 20ರಿಂದ 25 ಪೌಂಡ್ ಭಾರ ಇಡಿ. ನೀರು ತುಂಬಿದ ಮುಚ್ಚಳದ ಕ್ಯಾನ್ ಸಾಕು, ಕಲ್ಲು ಬೇಡ. ಮಗುಚಿದಾಗ ನೀರಿನ ಕ್ಯಾನ್ ದೋಣಿಯನ್ನು ತಳಕ್ಕೆಳೆಯುವುದಿಲ್ಲ.

ಎರಡೂ ತುದಿಗೆ 15 ಅಡಿಯ ತೇಲುವ ಹಗ್ಗ ಕಟ್ಟಿ ಸುರುಳಿ ಮಾಡಿ ರಬ್ಬರ್ ಬ್ಯಾಂಡಿನಡಿ ಸಿಕ್ಕಿಸಿ. ಕಾಲ ಬುಡದಲ್ಲಿ ಸಡಿಲ ಹಗ್ಗ ಬಿದ್ದಿರಬಾರದು. ಮೂರನೆಯದೊಂದು ಹುಟ್ಟು, ನೀರು ಮೊಗೆಯಲು ತಳ ಕತ್ತರಿಸಿದ ಹಾಲಿನ ಕ್ಯಾನ್, ನೀರನ್ನು ಒಳಗೆ ಬಿಡದ ಚೀಲದಲ್ಲಿ ಒಂದು ಜೊತೆ ಒಣ ಬಟ್ಟೆ, ಬೆಂಕಿಪೊಟ್ಟಣ, ಕಾರಿನ ಕೀಲಿ. ಕೀಲಿಯನ್ನು ಚೀಲದೊಳಗಿನ ಕೊಂಡಿಗೇ ಸಿಕ್ಕಿಸಿ. ಹೊಳೆಯ ಬಹಳಷ್ಟು ಕಡೆ ಫೋನ್ ಸಿಗ್ನಲ್ ಇಲ್ಲ. ಕೆಳಗಿನ ಇಳಿದಾಣದಲ್ಲಿ ನಿಲ್ಲಿಸಿದ ಕಾರಿನ ಕೀಲಿ ಮೇಲಿನ ಕಾರಿನಲ್ಲೇ ಉಳಿದುಬಿಡುವುದು ಇಲ್ಲಿ ಬಹಳ ಸಾಮಾನ್ಯವಾದ ಎಡವಟ್ಟು.

4. ಹೊಳೆಗಿಂತ ನಿಧಾನ ಹೋಗುವುದು

ಸೆಳವಿನ ಜೊತೆಗೇ ತೇಲಿದರೆ ದೋಣಿ ಗಂಟೆಗೆ ಎರಡು ಮೂರು ಮೈಲಿ ಓಡುತ್ತದೆ. ಒಂದು ಬಂಡೆಯ ಹಿಂದೆ ಗಾಳ ಹಾಕಿ ಎಳೆಯುವಷ್ಟರಲ್ಲಿ ನೀವು ಅದನ್ನು ದಾಟಿರುತ್ತೀರಿ. ಹಿಂದಿನವರ ಮುಖ್ಯ ಕೆಲಸ ಹಿಮ್ಮುಖವಾಗಿ ಹುಟ್ಟು ಹಾಕುವುದು. ಸೊಂಟದ ಹಿಂದೆ ಹುಟ್ಟಿನ ಎಲೆಯನ್ನು ಪೂರ್ತಿ ಮುಳುಗಿಸಿ ಮುಂದಕ್ಕೆ ತಳ್ಳಿ. ಗಿಡ್ಡನೆಯ, ಸದ್ದಿಲ್ಲದ ತಳ್ಳು. ದೋಣಿ ನೊರೆಗಿಂತ ಹಿಂದೆ ಬೀಳುತ್ತಿದ್ದರೆ ವೇಗ ಸರಿಯಾಗಿದೆ ಎಂದು ತಿಳಿಯಿರಿ. ನೊರೆ ಗುಳ್ಳೆಗಳು ನಿಮ್ಮನ್ನು ದಾಟಿ ಮುಂದೆ ಹೋಗುತ್ತಿರಬೇಕು.

ಒಂದೇ ಬದಿಗೆ ಹಿಂದಕ್ಕೆ ಹಾಕುತ್ತಿದ್ದರೆ ಹಿಂತುದಿ ಎದುರು ಬದಿಗೆ ಸರಿಯುತ್ತದೆ. ಇದನ್ನೇ ಬಳಸಿಕೊಂಡು ಹೊಳೆಗೆ ಅಡ್ಡಲಾಗಿ ಸರಿಯಬಹುದು. ಎಡದಂಡೆಗೆ ಹೋಗಬೇಕೆ? ಹಿಂತುದಿಯನ್ನು ಎಡಕ್ಕೆ 20–30 ಡಿಗ್ರಿ ತಿರುಗಿಸಿ, ಮೂತಿ ಬಲಕ್ಕೆ ಓರೆಯಾಗಿ ಕೆಳಗಡೆ ನೋಡುತ್ತಿರಲಿ, ಹಿಮ್ಮುಖವಾಗಿ ಹಾಕುತ್ತಾ ಹೋಗಿ. ದೋಣಿ ಕೆಳಗೆ ಹೆಚ್ಚು ಜಾರದೆ ಎಡಕ್ಕೆ ಸರಿಯುತ್ತದೆ. ಕೋನ 45 ಡಿಗ್ರಿ ಮೀರಿದರೆ ಸೆಳವು ದೋಣಿಯ ಪಕ್ಕೆಗೆ ಹೊಡೆದು ಅಡ್ಡ ತಿರುಗಿಸುತ್ತದೆ. ಮುಂದಿನ ಸಲ ಬರುವಾಗ ಮೀನಿಲ್ಲದ ಒಂದು ಹದದ ಸೆಳವಿನಲ್ಲಿ ಅರ್ಧ ಗಂಟೆ ಇದೊಂದನ್ನೇ ಅಭ್ಯಾಸ ಮಾಡಿ, ದುಬಾರಿ ರೀಲ್ ಕೊಳ್ಳುವುದಕ್ಕಿಂತ ಹೆಚ್ಚು ಮೀನು ಸಿಗುತ್ತದೆ.

ದಡದಿಂದ 40–50 ಅಡಿ ದೂರ ಕಾಯ್ದುಕೊಳ್ಳಿ. ಮುಂದಿನವರು ಗಡಿಯಾರದ ಹತ್ತು ಮತ್ತು ಎರಡರ ನಡುವೆ ಮಾತ್ರ ಗಾಳ ಎಸೆಯಲಿ, ಅದೂ ತಲೆಯ ಮೇಲಿಂದ. ಪಕ್ಕದಿಂದ ಬೀಸಿದರೆ ಕೊಕ್ಕೆ ಹಿಂದಿನವರ ಕಿವಿಗೆ ಹೋಗುತ್ತದೆ. ಇಬ್ಬರಿಗೂ ಟೊಪ್ಪಿ, ಕನ್ನಡಕ ಕಡ್ಡಾಯ. ಹಿಂದಿನವರು ಗಾಳ ಬೀಳುವ ಬದಿಯ ಎದುರು ಬದಿಯಲ್ಲಿ ಹುಟ್ಟು ಹಾಕಬೇಕು.

ದೊಡ್ಡ ಬಂಡೆಯ ಹಿಂದೆ, ದಡದ ಮೂಗಿನ ಕೆಳಗೆ ನೀರು ತಿರುಗಿ ಮೇಲಕ್ಕೆ ಹರಿಯುವ ಜಾಗ ಇರುತ್ತದೆ. ದೋಣಿ ನಿಲ್ಲಿಸಲು ಅದಕ್ಕಿಂತ ಒಳ್ಳೆಯ ತಾಣ ಇಲ್ಲ. ಮೂತಿಯನ್ನು ಬಂಡೆಯ ಅಂಚಿಗೆ ತೀರಾ ಹತ್ತಿರ ನುಗ್ಗಿಸಿ, ತಿರುಗುವ ಬದಿಗೆ, ಅಂದರೆ ಬಂಡೆಯ ಕಡೆಗೆ ದೋಣಿಯನ್ನು ಸ್ವಲ್ಪ ವಾಲಿಸಿ. ಹೊರಕ್ಕೆ ವಾಲಿದರೆ ಸೆಳವು ಕೆಳ ಅಂಚನ್ನು ಹಿಡಿದು ಮಗುಚುತ್ತದೆ.

ಲಂಗರಿನ ಮಾತು. ಸೆಳವಿನಲ್ಲಿ ಲಂಗರು ಬಿಡುವುದು ಇಲ್ಲಿ ಜೀವ ತೆಗೆಯುವ ಅಭ್ಯಾಸ. ದೋಣಿಯ ಪಕ್ಕೆಗೆ ಎಂದೂ ಕಟ್ಟಬೇಡಿ: ಹಗ್ಗ ಬಿಗಿದ ಕ್ಷಣ ದೋಣಿ ಅಡ್ಡಲಾಗಿ, ಮೇಲಿನ ಅಂಚು ನೀರಿಗೆ ಇಳಿದು ತುಂಬಿಕೊಳ್ಳುತ್ತದೆ. ನಡಿಗೆಯ ವೇಗಕ್ಕಿಂತ ನಿಧಾನದ, ಸೊಂಟದಾಳದ ನೀರಿನಲ್ಲಿ ಮಾತ್ರ, ಅದೂ ತುದಿಯಿಂದ, ಒಂದೇ ಎಳೆತಕ್ಕೆ ಬಿಡಿಸಿಕೊಳ್ಳುವ ಹಿಡಿಕೆಯಿಂದ ಬಿಡಿ. ಹಗ್ಗ ಕತ್ತರಿಸುವ ಚಾಕು ಜಾಕೆಟ್‌ನ ಎದೆಯ ಮೇಲಿರಲಿ. ಕೆಲವರು ಸೈಕಲ್ ಟ್ಯೂಬಿನಲ್ಲಿ ನಾಲ್ಕು ಅಡಿ ಸರಪಳಿ ತುಂಬಿಸಿ ಹಿಂದಿನಿಂದ ಎಳೆದುಕೊಂಡು ವೇಗ ತಗ್ಗಿಸುತ್ತಾರೆ. ಅದು ಬಂಡೆಯ ಸೀಳಿನಲ್ಲಿ ಸಿಕ್ಕಿಕೊಳ್ಳುತ್ತದೆ, ಮೀನಿನ ಆಹಾರವಾದ ಹುಳಗಳು ಬಾಳುವ ಹೊಳೆಯ ತಳವನ್ನೂ ಕೆದಕುತ್ತದೆ. ಬೇಡ ಎಂಬುದೇ ನಮ್ಮ ಮಾತು.

5. ಟ್ರೌಟ್: ದೋಣಿ ಬಿಟ್ಟು ಇಳಿಯಿರಿ

ಡೆಲವೇರ್‌ನ ಕಾಡು ಟ್ರೌಟ್ ಬಲು ಹೆದರಿಕೆಯದು. ದೋಣಿಯ ಅಲೆ ಮಟ್ಟಸ ನೀರಿನಲ್ಲಿ ಬಹುದೂರ ಹೋಗುತ್ತದೆ. ಅದು ತಲುಪಿದರೆ ಮೀನು ಮೇಯುವುದು ನಿಲ್ಲಿಸುತ್ತದೆ. ಹಾಗಾಗಿ ಟ್ರೌಟ್ ಮಟ್ಟಿಗೆ ಕನೂ ಒಂದು ಸವಾರಿ ಅಷ್ಟೇ. ನಡೆದು ತಲುಪಲಾಗದ ಜಲ್ಲಿದಿಬ್ಬಕ್ಕೆ ಹೋಗಿ, 70–80 ಅಡಿ ಮೇಲೆಯೇ ದೋಣಿಯನ್ನು ಸದ್ದಿಲ್ಲದೆ ಜಲ್ಲಿಗೆ ಎಳೆದು ಇಳಿಯಿರಿ. ವೇಡರ್, ಅಂದರೆ ನೀರಿಗಿಳಿಯಲು ತೊಡುವ ನೀರು ಬಿಡದ ಉಡುಪು, ತೊಟ್ಟಿದ್ದರೆ ಸೊಂಟದ ಬೆಲ್ಟ್ ಬಿಗಿಯಾಗಿರಲಿ.

ಸಾಧನ: 9 ಅಡಿಯ 5 ನಂಬರ್ ಫ್ಲೈ ರಾಡ್, ತೇಲುವ ಲೈನ್, ಅದರ ತುದಿಗೆ ಕಟ್ಟುವ 12 ಅಡಿಯ ಪಾರದರ್ಶಕ ದಾರ (ಲೀಡರ್), ಕೊನೆಗೆ ಫ್ಲೈ ಕಟ್ಟಲು 5ಎಕ್ಸ್ ಅಳತೆಯ ತೆಳು ದಾರ (ಟಿಪ್ಪೆಟ್). ನೀರು ತಿಳಿಯಾಗಿ ಇಳಿದಾಗ ಇನ್ನೂ ತೆಳುವಾದ 6ಎಕ್ಸ್. ಏಪ್ರಿಲ್ ಕೊನೆಯಿಂದ ಮೇ ನಡುವಿನವರೆಗೆ ಮಧ್ಯಾಹ್ನದ ಮೇಲೆ ಹೆಂಡ್ರಿಕ್ಸನ್ ಎಂಬ ಮೇಫ್ಲೈ, ಹೊಳೆಯ ತಳದಲ್ಲಿ ಬೆಳೆದು ಮೇಲೆ ಬರುವ ರೆಕ್ಕೆಹುಳ, ಏಳುತ್ತದೆ. 12–14 ನಂಬರಿನ ಫ್ಲೈ (ನಂಬರ್ ಹೆಚ್ಚಿದಷ್ಟೂ ಫ್ಲೈ ಸಣ್ಣದು). ಮೇ ಕೊನೆಯಿಂದ ಹಳದಿ ಬಣ್ಣದ ಸಲ್ಫರ್, 16–18. ಜೂನ್‌ನಿಂದ, ಮತ್ತೆ ಸೆಪ್ಟೆಂಬರ್‌ನಲ್ಲಿ ಕಂದುಗೆಂಪಿನ ಐಸೋನಿಕಿಯಾ, 10–12. ಮೋಡದ ದಿನಗಳಲ್ಲಿ ಬ್ಲೂ ವಿಂಗ್ಡ್ ಆಲಿವ್, 18ಕ್ಕಿಂತ ಸಣ್ಣದು.

ನೀರಿನ ಮೇಲೆ ಉಂಗುರ ಎದ್ದ ಕೂಡಲೇ ಎಸೆಯಬೇಡಿ. ಐದು ನಿಮಿಷ ನಿಂತು ನೋಡಿ. ಒಂದೇ ಜಾಗದಲ್ಲಿ ಮೇಯುತ್ತಿದೆಯೋ, ಅಡ್ಡಾಡುತ್ತಿದೆಯೋ? ಮೂತಿ ಮಾತ್ರ ಕಂಡರೆ ಮೇಲಿನ ರೆಕ್ಕೆಹುಳ ತಿನ್ನುತ್ತಿದೆ. ಬೆನ್ನು, ಬಾಲ ಕಂಡು ಮೂತಿ ಕಾಣದಿದ್ದರೆ ನೀರಿನ ಪದರದ ಕೆಳಗೆ ಇನ್ನೂ ರೆಕ್ಕೆ ಬಿಚ್ಚದ ಹುಳ ತಿನ್ನುತ್ತಿದೆ. ತೇಲುವ ಫ್ಲೈ ಬದಲು ಅರೆಮುಳುಗುವ ಎಮರ್ಜರ್ ಕಟ್ಟಿ. ಮೀನಿಗಿಂತ ಮೇಲೆ ನಿಂತು, ಕೆಳಕ್ಕೆ ಓರೆಯಾಗಿ ಎಸೆದು, ರಾಡ್ ತುದಿಯನ್ನು ಮೇಲ್ಬದಿಗೆ ಚಾಚಿ ಲೈನ್‌ನಲ್ಲಿ ಸಡಿಲ ಇರುವಂತೆ ಬಿಡಿ. ಆಗ ಮೀನಿಗೆ ಮೊದಲು ಕಾಣುವುದು ಫ್ಲೈ. ಅದು ಸುತ್ತಲಿನ ನೊರೆಯಷ್ಟೇ ವೇಗದಲ್ಲಿ ತೇಲಬೇಕು. ಹಿಂದೆ ಸಣ್ಣ ಗೆರೆ ಎಳೆಯುತ್ತಿದ್ದರೆ ಮೀನು ಮುಟ್ಟುವುದಿಲ್ಲ. ಐಸೋನಿಕಿಯಾ ಮಾತ್ರ ಈಜುವ ಹುಳ, ತುಸು ಎಳೆತ ಇದ್ದರೂ ನಡೆದೀತು.

ಫ್ಲೈ ಗೊತ್ತಿಲ್ಲದವರು ಹಗುರ ಸ್ಪಿನ್ನಿಂಗ್ ರಾಡಿಗೆ 1/8 ಔನ್ಸಿನ ತಿರುಗುಬಿಲ್ಲೆಯ ಸ್ಪಿನ್ನರ್ ಕಟ್ಟಿ, ಮೂರು ಕೊಕ್ಕೆಯ ಬದಲು ಮುಳ್ಳು ಅದುಮಿದ ಒಂದೇ ಕೊಕ್ಕೆ ಹಾಕಿ.

6. ಬಾಸ್: ದೋಣಿಯಿಂದಲೇ

ಸ್ಮಾಲ್‌ಮೌತ್ ದೋಣಿಗೆ ಅಷ್ಟೇನೂ ಹೆದರುವುದಿಲ್ಲ. ಅದು ಸೆಳವನ್ನೇ ಇಷ್ಟಪಡುವುದೂ ಇಲ್ಲ, ನಿಂತ ನೀರನ್ನೂ ಅಲ್ಲ. ಎರಡರ ನಡುವಿನ ಗೆರೆಯಲ್ಲಿ ಇರುತ್ತದೆ. ಬಂಡೆಯ ಪಕ್ಕ, ಹಾಸುಗಲ್ಲಿನ ಅಂಚು ದಿಢೀರನೆ ಆಳಕ್ಕಿಳಿಯುವಲ್ಲಿ, ತೆಳು ಹರಿವು ಮಡುವಿಗೆ ಬೀಳುವ ಬಾಯಲ್ಲಿ, 3ರಿಂದ 8 ಅಡಿ ಆಳದಲ್ಲಿ ಹುಡುಕಿ. ಬಿಸಿಲೇರಿದ ಮೇಲೆ ನೆರಳಿನ ದಂಡೆ.

ರಾಡ್ 6 ಅಡಿ 8 ಇಂಚಿನಿಂದ 7 ಅಡಿ, ಮೀಡಿಯಂ. 2500 ಅಳತೆಯ ರೀಲ್. 10 ಪೌಂಡಿನ ಹೆಣೆದ ದಾರ. ತುದಿಗೆ 5 ಅಡಿ 8 ಪೌಂಡಿನ ಫ್ಲೋರೋಕಾರ್ಬನ್. ಹೆಣೆದ ದಾರಕ್ಕಿಂತ ತುದಿ ಕಡಿಮೆ ಬಲದ್ದಾಗಿರುವುದು ಬೇಕೆಂದೇ: ಕಲ್ಲಿಗೆ ಸಿಕ್ಕಾಗ ತುದಿಯಷ್ಟೇ ಕಡಿಯಲಿ, ಹತ್ತಾರು ಗಜ ದಾರ ಹೊಳೆಯಲ್ಲಿ ಉಳಿಯದಿರಲಿ.

ಒಂದೇ ಒಂದು ಹುಸಿಯೆರೆ ಒಯ್ಯುವುದಾದರೆ ಮೂರು ಇಂಚಿನ ಕಂದು-ಹಸಿರು ಟ್ಯೂಬ್, ಮೆತ್ತನೆಯ ಟೊಳ್ಳು ಕೊಳವೆಯಂಥದ್ದು, ಒಯ್ಯಿರಿ. ಬಾಸ್ ತಿನ್ನುವ ಕ್ರೇಫಿಷ್, ಸೀಗಡಿಯ ನೆಂಟ, ಹೀಗೇ ಕಾಣುತ್ತದೆ. ನಾಲ್ಕು ಅಡಿಯೊಳಗೆ 1/8 ಔನ್ಸಿನ ಜಿಗ್ (ತಲೆಗೆ ಭಾರದ ಗುಂಡಿರುವ ಕೊಕ್ಕೆ), ಆರು ಅಡಿ ದಾಟಿದರೆ 1/4. ಓರೆಯಾಗಿ ಮೇಲ್ಗಡೆಗೆ ಎಸೆದು ತಳ ಮುಟ್ಟಲು ಬಿಡಿ, ರಾಡ್ ತುದಿಯಿಂದ ಒಂದು ಗೇಣು ಎತ್ತಿ ಮತ್ತೆ ಬೀಳಲು ಬಿಡಿ. ಬಾಸ್ ಕಚ್ಚುವುದು ಹೆಚ್ಚಾಗಿ ಬೀಳುವಾಗ, ದಾರ ತಟ್ಟನೆ ಪಕ್ಕಕ್ಕೆ ಸರಿಯುತ್ತದೆ. ಸೆಳವಿಗೆ ಎದುರಾಗಿ ಎಳೆದರೆ ಜಿಗ್ ಕಲ್ಲಿನ ಸೀಳಿಗೆ ಹೊಕ್ಕು ಕೂರುತ್ತದೆ. ಸಿಕ್ಕಿಕೊಂಡಾಗ ಜಗ್ಗಬೇಡಿ, ವಾಲಲೂ ಬೇಡಿ. ಹಿಂದಿನವರು ದೋಣಿಯನ್ನು ಸಿಕ್ಕಿದ ಜಾಗಕ್ಕಿಂತ ಮೇಲಕ್ಕೆ ಒಯ್ಯಲಿ, ಅಲ್ಲಿಂದ ಸಡಿಲಿಸಿ ಅಲ್ಲಾಡಿಸಿದರೆ ಹತ್ತರಲ್ಲಿ ಏಳೆಂಟು ಬಿಟ್ಟುಕೊಳ್ಳುತ್ತವೆ. ಬಿಡದಿದ್ದರೆ ರಾಡನ್ನು ನೇರ ಚಾಚಿ ರೀಲ್ ಅದುಮಿ ಕಡಿದುಬಿಡಿ.

ಮುಂಜಾನೆ, ಸಂಜೆ ಮಟ್ಟಸ ನೀರಿನಲ್ಲಿ ಪಾಪರ್, ಅಂದರೆ ತೇಲುತ್ತಾ ಸದ್ದು ಮಾಡುವ ಹುಸಿಯೆರೆ. ಬಿದ್ದ ಮೇಲೆ ಉಂಗುರಗಳೆಲ್ಲ ಕರಗುವವರೆಗೆ ಕಾಯಿರಿ, ಆಮೇಲೆ ಒಂದು ಪುಟ್ಟ ಜಗ್ಗು. ಕಾಯದೆ ಎಳೆಯುವುದೇ ಎಲ್ಲರೂ ಮಾಡುವ ತಪ್ಪು. ಫ್ಲೈ ಹಿಡಿದವರಿಗೆ 7 ನಂಬರ್ ರಾಡ್, 4 ನಂಬರಿನ ಕ್ಲೌಸರ್ ಮಿನೋ ಎಂಬ ಫ್ಲೈ. ಪೆನ್ಸಿಲ್ವೇನಿಯಾದ ಬಾಬ್ ಕ್ಲೌಸರ್ ಇದನ್ನು ಕಟ್ಟಿದ್ದೇ ಸಸ್ಕ್ವಿಹಾನಾ ನದಿಯ ಸ್ಮಾಲ್‌ಮೌತ್‌ಗಾಗಿ. ಆಗಸ್ಟ್ ಮುಸ್ಸಂಜೆಯಲ್ಲಿ ಬಿಳಿ ಮೇಫ್ಲೈಗಳು ಹಿಮದಂತೆ ಏಳುವಾಗ ತೇಲುವ ಬಿಳಿ ಫ್ಲೈ ಹಾಕಿ.

ಕಚ್ಚಿದ ಬಾಸ್ ಹಾರುತ್ತದೆ. ರಾಡ್ ತುದಿಯನ್ನು ನೀರಿನ ಮಟ್ಟಕ್ಕೆ ತಗ್ಗಿಸಿದರೆ ಹಾರಾಟ ಕಡಿಮೆ. ದೋಣಿಯಡಿಗೆ ನುಗ್ಗಿದರೆ ರಾಡ್ ತುದಿಯನ್ನು ನೀರೊಳಗೆ ಅದ್ದಿ ಮೂತಿಯ ಸುತ್ತ ಬಳಸಿ ತನ್ನಿ, ಅಂಚಿನ ಮೇಲೆ ಬಾಗಿಸಿದರೆ ಮುರಿಯುತ್ತದೆ. ಮೀನು ಆಡಿಸುವ ಹೊತ್ತಿಗೆ ಹಿಂದಿನವರು ದೋಣಿಯನ್ನು ತಿರುಗುನೀರಿಗೆ ತಂದು, ಬಲೆ ಹಾಕುವಾಗ ಎದುರು ಬದಿಗೆ ಹುಟ್ಟಿನ ಎಲೆಯನ್ನು ನೀರಿನ ಮೇಲೆ ಚಪ್ಪಟೆ ಒತ್ತಿ ಹಿಡಿಯಬೇಕು. ಯಾರೂ ಎದ್ದು ನಿಲ್ಲಬಾರದು.

7. ದಿನದ ಲೆಕ್ಕ

ಗಾಳ ಹಾಕುತ್ತಾ ಹೋದರೆ ಗಂಟೆಗೆ ಒಂದು ಮೈಲಿ ಎಂದು ಲೆಕ್ಕ ಹಾಕಿ. ಕ್ಯಾಲಿಕೂನ್‌ನಿಂದ ಸ್ಕಿನ್ನರ್ಸ್ ಫಾಲ್ಸ್ ಸುಮಾರು 8 ಮೈಲಿ, ಬಾಸ್‌ಗೆ ಒಂದು ತುಂಬು ದಿನ. ಹ್ಯಾನ್‌ಕಾಕ್‌ನಿಂದ ಲಾರ್ಡ್‌ವಿಲ್ ಸುಮಾರು 9 ಮೈಲಿ, ಟ್ರೌಟ್‌ಗೆ. ಲಾರ್ಡ್‌ವಿಲ್‌ನಿಂದ ಕ್ಯಾಲಿಕೂನ್ 18 ಮೈಲಿ. ಗಾಳ ಹಾಕಿಕೊಂಡು ಒಂದೇ ದಿನಕ್ಕೆ ಮುಗಿಸಲು ಹೊರಟವರು ಕತ್ತಲಲ್ಲಿ ಹುಟ್ಟು ಹಾಕುತ್ತಾರೆ. ಸ್ಕಿನ್ನರ್ಸ್ ಫಾಲ್ಸ್ ಎಂಬುದು ಹಾಸುಬಂಡೆಗಳ ಮೇಲಿನ ರಭಸದ ಇಳಿತ. ಮೊರೆತ ಕೇಳಿದ ಕೂಡಲೇ ದಡ ಸೇರಿ, ಇಳಿದು ನಡೆದು ನೋಡಿ. ಗಾಳ, ರಾಡ್ ತುಂಬಿದ ದೋಣಿಯನ್ನು ಅದರಲ್ಲಿ ಇಳಿಸಬೇಡಿ.

8. ಕೆಟ್ಟರೆ

ದೋಣಿ ಅಡ್ಡಲಾಗಿ ಬಂಡೆಗೆ ತಗುಲಿತೇ, ಬಂಡೆಯ ಕಡೆಗೇ ವಾಲಿ. ಮನಸ್ಸು ದೂರ ಸರಿಯಿರಿ ಎನ್ನುತ್ತದೆ, ಹಾಗೆ ಸರಿದರೆ ಮೇಲಿನ ಅಂಚು ತಗ್ಗಿ ಹೊಳೆಯೆಲ್ಲ ಒಳಗೆ ಬರುತ್ತದೆ. ನೀರು ತುಂಬಿದ ಕನೂ ಅರ್ಧ ಟನ್ನಿಗಿಂತ ಭಾರ. ಬಿದ್ದವರು ಯಾವಾಗಲೂ ಅದರ ಮೇಲ್ಗಡೆ ಇರಬೇಕು. ಕೆಳಗಿದ್ದರೆ ಬಂಡೆಗೂ ದೋಣಿಗೂ ನಡುವೆ ಸಿಕ್ಕುತ್ತೀರಿ. ಸೆಳವಿನಲ್ಲಿ ಎದ್ದು ನಿಲ್ಲಲು ಹೋಗಬೇಡಿ, ಪಾದ ಕಲ್ಲಿನ ಸಂದಿಗೆ ಸಿಕ್ಕರೆ ನೀರು ಮುಖ ಅದುಮುತ್ತದೆ. ಬೆನ್ನ ಮೇಲೆ ಮಲಗಿ, ಕಾಲುಗಳನ್ನು ಕೆಳಗಡೆಗೆ ಚಾಚಿ, ಹೆಬ್ಬೆರಳು ನೀರಿನ ಮೇಲೆ ಕಾಣುವಂತೆ ತೇಲಿ, ಕೈಯಿಂದ ದಡದತ್ತ ಈಜಿ.

ಉರುಳಿಬಿದ್ದ ಮರ ಬಂಡೆಗಿಂತ ಅಪಾಯ. ನೀರು ಕೊಂಬೆಗಳ ನಡುವೆ ಸೋಸಿ ಹೋಗುತ್ತದೆ, ಮನುಷ್ಯ ಹೋಗುವುದಿಲ್ಲ. ತಿರುವಿನ ಹೊರದಂಡೆಯಲ್ಲಿ ಇವು ಹೆಚ್ಚು; ಮರದ ಬುಡದಲ್ಲಿ ಮೀನಿದ್ದರೂ ಅದಕ್ಕಿಂತ ಮೇಲೆಯೇ ಒಳದಂಡೆಗೆ ಸರಿಯಿರಿ. ಪಶ್ಚಿಮ ಕವಲಿನಲ್ಲಿ ಬಿದ್ದವರು ಬೇಸಿಗೆಯಲ್ಲೂ ಹತ್ತು ನಿಮಿಷಕ್ಕೆ ಬೆರಳು ಮಡಚಲಾರರು. ಒಣ ಬಟ್ಟೆಯ ಚೀಲ ಆಗ ಬೇಕಾಗುತ್ತದೆ.

9. ಬಿಡುವುದು, ತೊಳೆಯುವುದು

ರಬ್ಬರ್ ಬಲೆ ಬಳಸಿ, ಕೈ ಒದ್ದೆ ಮಾಡಿಕೊಂಡೇ ಮುಟ್ಟಿ. ಒಣ ಕೈ ಮೈಮೇಲಿನ ಲೋಳೆ ತೆಗೆದರೆ ಅಲ್ಲಿ ಬೂಷ್ಟು ಹತ್ತುತ್ತದೆ. ಕೊಕ್ಕೆಯನ್ನು ಮೀನು ನೀರಿನಲ್ಲಿರುವಾಗಲೇ ಇಕ್ಕಳದಿಂದ ಬಿಡಿಸಿ. ಫೋಟೊಗೆ ಹತ್ತು ಸೆಕೆಂಡ್ ಸಾಕು. ಕಿವಿರಿಗೆ ಬೆರಳು ಹಾಕಬೇಡಿ. ಟ್ರೌಟನ್ನು ಮೆಲ್ಲನೆಯ ಸೆಳವಿನಲ್ಲಿ ಮೂತಿ ಮೇಲ್ಗಡೆಗೆ ಮಾಡಿ ಹಿಡಿದು, ತಾನಾಗಿ ಬಾಲ ಬೀಸುವವರೆಗೆ ಕಾಯಿರಿ. ತಿನ್ನಲು ಒಯ್ಯುವುದಾದರೆ ನಿಯಮ ಬಿಡುವಷ್ಟರಲ್ಲಿ ಚಿಕ್ಕದನ್ನು ಆರಿಸಿ. ಈ ತಣ್ಣನೆಯ ಸೀಮೆಯಲ್ಲಿ ಬಾಸ್ 12 ಇಂಚು ಆಗಲು ನಾಲ್ಕೈದು ವರ್ಷ ಬೇಕು. ದೊಡ್ಡದನ್ನು ಬಿಟ್ಟರೆ ಮೊಟ್ಟೆ ಹೊಳೆಗೇ ಉಳಿಯುತ್ತದೆ.

ಡೆಲವೇರ್‌ನ ಕವಲುಗಳಲ್ಲಿ ಡಿಡಿಮೋ ಎಂಬ ಪಾಚಿ 2007ರಲ್ಲಿ ಕಂಡುಬಂತು. ಒದ್ದೆ ಉಣ್ಣೆಯ ಚಾಪೆಯಂತೆ ಕಲ್ಲುಗಳನ್ನು ಹೊದೆದುಕೊಳ್ಳುತ್ತದೆ, ಅದರಡಿಯ ಮೇಫ್ಲೈ ಮರಿಗಳಿಗೆ ಜಾಗವಿಲ್ಲದಂತೆ ಮಾಡುತ್ತದೆ. ವೇಡರ್ ಬೂಟಿನ ಫೆಲ್ಟ್ ಅಡಿಯಲ್ಲಿ ದಿನಗಟ್ಟಲೆ ಜೀವಂತ ಇರಬಲ್ಲದು. ರಬ್ಬರ್ ಅಡಿಯ ಬೂಟು ಕೊಳ್ಳಿ. ಕಾರಿಗೆ ಏರಿಸುವ ಮುಂಚೆ ದೋಣಿಯ ನೀರು ಪೂರ್ತಿ ಚೆಲ್ಲಿ, ಪಾಚಿ ತೆಗೆದು, ಮನೆಯಲ್ಲಿ ಬಿಸಿನೀರು ಮತ್ತು ಪಾತ್ರೆ ತೊಳೆಯುವ ಸೋಪಿನಲ್ಲಿ ಬೂಟು, ಬಲೆ, ಹಗ್ಗ ತೊಳೆದು, ಮುಟ್ಟಿದರೆ ಒಣಗಿದೆ ಅನಿಸಿದ ಮೇಲೂ ಎರಡು ದಿನ ಬಿಸಿಲಿಗೆ ಬಿಟ್ಟು, ಆಮೇಲಷ್ಟೇ ಬೇರೆ ಹೊಳೆಗೆ ಒಯ್ಯಿರಿ.